ಮೂವತ್ನಾಲ್ಕು ಸೆಕೆಂಡಿನ ಸಂಸಾರ

ಬ್ಯಾಂಕ್ ಕ್ಲಾರ್ಕ್ ಹುದ್ದೆಯ ಪೂರ್ವಭಾವಿ ಪರೀಕ್ಷೆಯಲ್ಲಿ ‘ಸಂಖ್ಯಾ ಸಾಮರ್ಥ್ಯ’ ಅಂತ ಒಂದು ಭಾಗ ಇದೆ. 35 ಪ್ರಶ್ನೆ, 20 ನಿಮಿಷ. ಭಾಗಿಸಿದರೆ ಒಂದು ಪ್ರಶ್ನೆಗೆ 34 ಸೆಕೆಂಡು, ಮೇಲೆ ಒಂದಿಷ್ಟು ಚಿಲ್ಲರೆ. ಮಹಾರಾಷ್ಟ್ರದ ಉಮರ್ಗಾದ ನನ್ನ ಕಿರಾಣಿ ಅಂಗಡಿಯಲ್ಲಿ ಅಷ್ಟು ಹೊತ್ತಿನಲ್ಲಿ ಗಿರಾಕಿ ಕಟ್ಟೆಯ ಮೇಲೆ ಕೂತು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, “ಮಳಿ ಏನಂತದ ಸಾವಕಾರ್ರ?” ಎಂದು ಕೇಳಿರುತ್ತಾನೆ. ನಾನು “ಏನ್ ಹೇಳ್ಲಿರಿ” ಎಂದು ಬಾಯಿ ತೆರೆದಿರುತ್ತೇನೆ. ಏನು ಬೇಕು, ಎಷ್ಟು ಬೇಕು ಎನ್ನುವ ವಿಷಯಕ್ಕೆ ಇಬ್ಬರೂ ಇನ್ನೂ ಬಂದಿರುವುದಿಲ್ಲ.

ಇಂಥ ಮನೆಯಲ್ಲಿ, ಬಿ.ಕಾಂ. ಮುಗಿಸಿದ ಮಗಳು ಗಡಿಯಾರ ಎದುರಿಗಿಟ್ಟುಕೊಂಡು ಲೆಕ್ಕ ಬಿಡಿಸುವ ಅಭ್ಯಾಸಕ್ಕೆ ಕೂತಳು. ಮಗಳು ಕೂತಮೇಲೆ ಅಪ್ಪ ಸುಮ್ಮನಿರುವುದುಂಟೆ? ಇಪ್ಪತ್ತು ಸಾಮಾನಿನ ಯಾದಿಯ ಮೊತ್ತವನ್ನು ಗಿರಾಕಿ ಚೀಲದ ಬಾಯಿ ಕಟ್ಟುವುದರೊಳಗೆ ಬಾಯಿಲೆಕ್ಕದಲ್ಲೇ ಹೇಳುವ ಮನುಷ್ಯ ನಾನು. ಉಮರ್ಗಾದ ಪೇಟೆಯಲ್ಲಿ ಇದಕ್ಕಾಗಿ ನನಗೊಂದು ಹೆಸರಿದೆ. ಅದು ಯಾವ ಹೆಸರು ಎಂದು ಮಾತ್ರ ಕೇಳಬೇಡಿ.

ಪರೀಕ್ಷೆಯ ಕಟ್ಟಳೆ ಇಷ್ಟು. ಸ್ಟೇಟ್ ಬ್ಯಾಂಕ್ ಒಂದನ್ನು ಬಿಟ್ಟು ಉಳಿದ ಸರ್ಕಾರಿ ಬ್ಯಾಂಕುಗಳಿಗೆಲ್ಲ 2011ರಿಂದ ಮುಂಬಯಿಯ ಐಬಿಪಿಎಸ್ ಸಂಸ್ಥೆ ಸಾಮೂಹಿಕವಾಗಿ ಪರೀಕ್ಷೆ ನಡೆಸುತ್ತದೆ. ಕ್ಯಾಲ್ಕುಲೇಟರ್ ಇಲ್ಲ. ಒಂದು ಪ್ರಶ್ನೆಗೆ ಐದು ಆಯ್ಕೆ. ತಪ್ಪಾದರೆ ಕಾಲು ಅಂಕ ಕಡಿತ. ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಇಳಿಯುತ್ತಿರುತ್ತವೆ; 20 ನಿಮಿಷ ಮುಗಿದದ್ದೇ ಆ ಭಾಗ ತಾನೇ ಮುಚ್ಚಿಕೊಂಡು ಮುಂದಿನದು ತೆರೆಯುತ್ತದೆ. ‘ಇನ್ನೊಂದೇ ಸಾಲು ಇತ್ತು’ ಅಂದರೆ ಕೇಳುವ ಮನುಷ್ಯ ಅಲ್ಲಿಲ್ಲ. ಬಲಗಡೆ ಪ್ರಶ್ನೆಗಳ ಅಂಕಿ ಬರೆದ ಚೌಕಗಳಿರುತ್ತವೆ. ಉತ್ತರ ಕೊಟ್ಟದ್ದು ಹಸಿರು, ನೋಡಿ ಬಿಟ್ಟದ್ದು ಕೆಂಪು, ಆಮೇಲೆ ನೋಡೋಣ ಅಂದದ್ದು ನೇರಳೆ.

ಮಗಳು ಮೊದಲ ದಿನವೇ ಹೇಳಿದಳು: “ಅಪ್ಪಾ, ಇದ್ರಾಗ ಲೆಕ್ಕ ಮಾಡೋದು ದೊಡ್ಡ ಮಾತಲ್ಲ. ಯಾವ ಲೆಕ್ಕ ಬಿಡಬೇಕು ಅನ್ನೋದು ಗೊತ್ತಿರಬೇಕು.”

ಕೇಳಿ ನನಗೆ ನಡುಕ ಬಂತು. ನಮ್ಮದು ಏನನ್ನೂ ಬಿಡದವರ ವಂಶ. ಅಟ್ಟದ ಮೇಲೆ ಡಾಲ್ಡಾ ಡಬ್ಬಿಗಳಿವೆ, ಅವುಗಳಲ್ಲಿ ಹಳೆಯ ಡಬ್ಬಿಗಳ ಮುಚ್ಚಳಗಳಿವೆ. ನನ್ನ ಉದ್ರಿ ವಹಿಯಲ್ಲಿ ಒಬ್ಬನ ಹೆಸರಿನ ಮುಂದೆ 212 ರೂಪಾಯಿ ಇದೆ. ಆತ ತೀರಿಕೊಂಡ, ಮಗ ಪುಣೆಗೆ ಹೋದ, ಮನೆ ಮಾರಿ ಹೋಯಿತು. ಆದರೂ ಪ್ರತಿ ದೀಪಾವಳಿ ಪಾಡ್ಯಕ್ಕೆ ಹೊಸ ವಹಿಗೆ ಕುಂಕುಮ ಹಚ್ಚಿ, ಆ 212ನ್ನು ಹೊಸ ಪುಟಕ್ಕೆ ಒಯ್ದು ಬರೆಯುತ್ತೇನೆ. ವಸೂಲಾಗಲಿ ಅಂತಲ್ಲ, ಬಿಟ್ಟೆ ಅಂತ ಆಗಬಾರದು. ಇಂಥ ರಕ್ತದ ಹುಡುಗಿಗೆ ಪರೀಕ್ಷೆಯವರು ‘ಬಿಡು’ ಎನ್ನುತ್ತಿದ್ದಾರೆ.

ಇರಲಿ ಅಂತ ಅವಳ ಅಭ್ಯಾಸದ ಪುಸ್ತಕವನ್ನು ಅಂಗಡಿಗೆ ಒಯ್ದೆ. ಮಧ್ಯಾಹ್ನ ಗಿರಾಕಿ ಕಡಿಮೆ. ಗಲ್ಲೆಯ ಪಕ್ಕ ಪುಸ್ತಕ ತೆರೆದಿಟ್ಟು ಲಾಭ-ಹಾನಿಯ ಅಧ್ಯಾಯ ಹಿಡಿದೆ. ನನ್ನ ಸ್ವಂತ ಧಂದೆಯ ಅಧ್ಯಾಯ. ಮೊದಲನೆಯ ಲೆಕ್ಕ: ಒಬ್ಬ ಅಪ್ರಾಮಾಣಿಕ ವ್ಯಾಪಾರಿ ಕೊಂಡ ದರಕ್ಕೇ ಮಾರುತ್ತೇನೆ ಎನ್ನುತ್ತಾನೆ, ಆದರೆ ಕಿಲೋಗೆ 900 ಗ್ರಾಂ ಮಾತ್ರ ತೂಗುತ್ತಾನೆ. ಅವನ ಲಾಭ ಶೇಕಡಾ ಎಷ್ಟು?

ಅಷ್ಟರಲ್ಲಿ ಒಬ್ಬ ಹಿರಿಯ ಗಿರಾಕಿ ತೊಗರಿಬೇಳೆಗೆ ಬಂದ. ನಾನು ಬೇಳೆ ತುಂಬಲು ತಿರುಗಿದಾಗ ಪುಸ್ತಕದ ಕಡೆಗೆ ಬಗ್ಗಿದ. ಮರಾಠಿಯಲ್ಲಿತ್ತು, ಬೆರಳಿಟ್ಟು ಓದಿದ. ಬೆರಳು ‘900 ಗ್ರಾಂ’ ಮೇಲೆ ನಿಂತಿತು. ಅಲ್ಲಿಂದ ಕಣ್ಣು ಎತ್ತಿ ಕಾಟಾ ನೋಡಿದ, ಕಾಟಾದಿಂದ ನನ್ನನ್ನು ನೋಡಿದ.

“ಇದರದೂ ಕೋರ್ಸ್ ಬಂದದೇನ್ರಿ ಈಗ?”

“ಇಲ್ರಿ, ಮಗಳು ಬ್ಯಾಂಕ್ ಪರೀಕ್ಷಾಕ್ಕ ಓದ್ಲಕತ್ತಾಳ.”

“ಓದ್ಲಿ. ಬ್ಯಾಳಿ ಮತ್ತೊಮ್ಮಿ ತೂಗ್ರಿ.”

ಕಾಟಾಕ್ಕೆ ವರ್ಷಾವರ್ಷ ಸರ್ಕಾರಿ ಮುದ್ರೆ ಹಾಕಿಸುತ್ತೇನೆ. ಮತ್ತೊಮ್ಮೆ ತೂಗಿದೆ, ಕಿಲೋ ಪೂರ್ತಿ ಇತ್ತು. ಆತನಿಗೆ ಸಮಾಧಾನವಾಗಲಿಲ್ಲ, ಆ ಪುಟ ತೆಗೆದಿಟ್ಟುಕೊಂಡು ಕೂತದ್ದಕ್ಕೆ ಬೇರೆ ಕಾರಣ ಇರಬೇಕು ಎನ್ನುವ ಮುಖ ಮಾಡಿಕೊಂಡು ಹೋದ. ನನಗೆ ಅದಕ್ಕಿಂತ ದೊಡ್ಡ ಪೆಟ್ಟು ರಾತ್ರಿ ಬಿತ್ತು. “ನೂರು ಗ್ರಾಂ ಉಳಿಸಿದ, ಹತ್ತು ಪರ್ಸೆಂಟ್” ಎಂದೆ. ಮಗಳು, “ಅಲ್ಲಪ್ಪಾ, ಅವನಿಗಿ ಖರ್ಚು ಬಿದ್ದದ್ದು 900 ಗ್ರಾಂದು. 900ರ ಮ್ಯಾಲ 100. ಹನ್ನೊಂದು ಪಾಯಿಂಟ್ ಒಂದು ಒಂದು” ಎಂದಳು. ಅಂದರೆ ನಾನು ಮೋಸ ಮಾಡಲು ಇಳಿದಿದ್ದರೂ ಎಷ್ಟು ಗಳಿಸಿದೆ ಎಂಬುದು ನನಗೇ ತಿಳಿಯುತ್ತಿರಲಿಲ್ಲ. ಇಷ್ಟು ವರ್ಷ ಪ್ರಾಮಾಣಿಕನಾಗಿ ಉಳಿದದ್ದಕ್ಕೆ ಕಾರಣ ಸಂಸ್ಕಾರವೋ ಗಣಿತವೋ ಎಂದು ಹೆಂಡತಿ ಕೇಳಿದಳು. ಅದಕ್ಕೂ 34 ಸೆಕೆಂಡಿನಲ್ಲಿ ಉತ್ತರ ಹೊಳೆಯಲಿಲ್ಲ.

ಈ ಸುದ್ದಿ ನಿಲಂಗಾಕ್ಕೆ ಮುಟ್ಟಿತು. ನಿಲಂಗಾದಲ್ಲಿ ನನ್ನ ಮಾವನವರಿದ್ದಾರೆ, ನಿವೃತ್ತ ಮಾಸ್ತರು. ಎಪ್ಪತ್ತೈದು ದಾಟಿದವರು, ಮಹಾರಾಷ್ಟ್ರದ ಎಸ್‌ಟಿ ಬಸ್ಸಿನಲ್ಲಿ ಆ ವಯಸ್ಸಿನವರಿಗೆ 2022ರಿಂದ ಟಿಕೇಟಿಲ್ಲ. ಹೀಗಾಗಿ ಸಲಹೆ ಕೊಡಬೇಕು ಅನ್ನಿಸಿದಾಗ ಫೋನ್ ಮಾಡುವುದಿಲ್ಲ, ಬಂದೇ ಬಿಡುತ್ತಾರೆ. ಚೀಲದಲ್ಲಿ ಒಂದು ಪಾಟಿ, ಒಂದು ಬಳಪ.

“ಔಟಕಿ ಬರ್ತದೇನವ್ವಾ ನಿನಗ?” ಎಂದು ಮೊಮ್ಮಗಳನ್ನು ಕೇಳಿದರು.

ಹೊಸ ಕಾಲದವರಿಗೆ ಹೇಳಬೇಕು. ಒಂದರಿಂದ ಮೂವತ್ತರ ತನಕ ಮಗ್ಗಿ ಎಲ್ಲರೂ ಕಲಿಯುತ್ತಾರೆ. ಅದರ ಮೇಲೆ ನಮ್ಮ ಕಡೆಯ ಹಳೆಯ ಶಾಲೆಗಳಲ್ಲಿ ಪಾವಕಿ, ನಿಮಕಿ, ಪಾವುಣಕಿ, ಸವಾಯಕಿ, ದೀಡಕಿ, ಅಡೀಚಕಿ, ಔಟಕಿ ಎಂದು ಅಪೂರ್ಣಾಂಕದ ಮಗ್ಗಿಗಳಿದ್ದವು: ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆ, ಎರಡೂವರೆ, ಮೂರೂವರೆಯವು. ರೂಪಾಯಿಗೆ 16 ಆಣೆ, ಮಣಕ್ಕೆ 40 ಸೇರು ಇದ್ದ ಕಾಲಕ್ಕೆ ಇವು ಬೇಕೇ ಬೇಕಿದ್ದವು. 1957ರ ಏಪ್ರಿಲ್ 1ಕ್ಕೆ ರೂಪಾಯಿ ನೂರು ನಯಾ ಪೈಸೆಯಾಯಿತು, ಮುಂದೆ ತೂಕವೂ ಕಿಲೋ ಆಯಿತು, ಈ ಮಗ್ಗಿಗಳು ಅಜ್ಜಂದಿರ ಬಾಯಲ್ಲಿ ಉಳಿದವು.

ಮಗಳು ಪರೀಕ್ಷೆಗೆಂದು ಪುಸ್ತಕ ತೆರೆದು ಓದಿದಳು: “17ರ ಶೇಕಡಾ 350 ಎಷ್ಟು?” ಅವಳು ಪೆನ್ನಿನ ಟೊಪ್ಪಿಗೆ ತೆಗೆಯುವುದರೊಳಗೆ ಮಾವನವರು “ಐವತ್ತೊಂಬತ್ತೂವರಿ” ಎಂದರು. ಮನೆ ಸ್ತಬ್ಧವಾಯಿತು. ಮೂರೂವರೆಯ ಮಗ್ಗಿ, ಹದಿನೇಳನೆಯ ಸಾಲು. ಮಗಳಿಗಂತೂ ಕಣ್ಣು ಅರಳಿದವು. ಆ ಕ್ಷಣಕ್ಕೆ ನಮ್ಮ ಮನೆಗೆ ಬ್ಯಾಂಕ್ ನೌಕರಿ ಬಂದೇ ಬಿಟ್ಟಿತು ಎಂದು ನಾನು ನಂಬಿದೆ.

ಆಮೇಲೆ ಅವರು ಪಾಟಿ ತೆಗೆದರು. “ಈಗ ಕ್ರಮ ಬರಿ” ಎಂದರು. ಉತ್ತರ ಬಂತಲ್ಲ ಮುತ್ಯಾ ಅಂದರೆ, “ಉತ್ತರ ಬಂದ್ರ ಆಯ್ತೇನು? ಮೆಟ್ಟಲಾ ಬರೀದಿದ್ರ ನನ್ನ ಸಾಲ್ಯಾಗ ಸೊನ್ನಿ. ಬರದು, ತಾಳೆ ನೋಡಿ, ಕೆಳಗ ಗೆರಿ ಎಳಿ.” ತಾಳೆ ನೋಡುವುದಕ್ಕೆ ಅವರಿಗೆ ಒಂದು ಮಿನಿಟು. ಗೆರೆ ಎಳೆಯುವುದಕ್ಕೆ ಪಟ್ಟಿ ಬೇಕು, ಪಟ್ಟಿ ಹುಡುಕುವುದಕ್ಕೆ ಮತ್ತೆರಡು.

ಮಾವನವರ ಇನ್ನೊಂದು ವಾದ ಇದಕ್ಕಿಂತ ಹಳೆಯದು. ರಾಷ್ಟ್ರಕೂಟ ಅರಸರು ತಮ್ಮನ್ನು ಲಟ್ಟಲೂರಿನ ಒಡೆಯರು ಎಂದು ಬಿರುದಿನಲ್ಲಿ ಕರೆದುಕೊಂಡರು. ಆ ಲಟ್ಟಲೂರು ಇವತ್ತಿನ ಲಾತೂರು ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಅದೇ ವಂಶದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. “ಇವರ ‘ಲಾತೂರ್ ಪ್ಯಾಟರ್ನ್’ ನಿನ್ನಿ ಮೊನ್ನಿದು, ನಮ್ಮದು ಸಾವಿರದ ನೂರು ವರ್ಷದ್ದು” ಎಂದು ಅವರು ಲಾತೂರಿನ ಕೋಚಿಂಗ್ ಕ್ಲಾಸುಗಳ ಕಡೆ ಕೈ ಬೀಸುತ್ತಾರೆ. ಆ ಗ್ರಂಥದಲ್ಲಿ ಗಂಡ-ಹೆಂಡಿರ ಜಗಳದ ಒಂದು ಲೆಕ್ಕ ಇದೆ. ಜಗಳದಲ್ಲಿ ಹೆಂಡತಿಯ ಮುತ್ತಿನ ಹಾರ ಹರಿಯುತ್ತದೆ. ಮೂರರಲ್ಲಿ ಒಂದು ಪಾಲು ಮುತ್ತು ದಾಸಿಯ ಕಡೆಗೆ ಚೆಲ್ಲಿತು, ಆರರಲ್ಲಿ ಒಂದು ಪಾಲು ಹಾಸಿಗೆಯ ಮೇಲೆ. ಉಳಿದದ್ದರಲ್ಲಿ ಅರ್ಧ, ಮತ್ತೆ ಉಳಿದದ್ದರಲ್ಲಿ ಅರ್ಧ, ಹೀಗೆ ಆರು ಸಲ ಅಲ್ಲಿಲ್ಲಿ ಚೆದುರಿ, ಚೆದುರದೆ ಉಳಿದದ್ದು 1,161. ಹಾಗಾದರೆ ಹಾರದಲ್ಲಿ ಇದ್ದ ಮುತ್ತೆಷ್ಟು?

ಮಗಳು, “ಮೂರನೇ ಒಂದು, ಆರನೇ ಒಂದು ಕೂಡಿದ್ರ ಅರ್ಧ ಹೋಯ್ತು. ಉಳಿದ ಅರ್ಧ ಆರು ಸಲ ಅರ್ಧ. ಅಂದ್ರ 128ರಾಗ ಒಂದು ಪಾಲು. 1,161 ಗುಣಿಸು 128” ಎಂದು 1,48,608 ಹೇಳಿ, ಮುಂದಿನ ಪುಟಕ್ಕೆ ಹೋಗಲು ಸಿದ್ಧಳಾದಳು.

ಹೋಗಲು ಬಿಟ್ಟರೆ ತಾನೆ? ಹೆಂಡತಿ ಒಳಗಿಂದ ಜೋಳದ ಹಿಟ್ಟಿನ ಕೈಯಲ್ಲೇ ಬಂದಳು. “ಏನ್ರೀ, ಒಂದೂವರಿ ಲಕ್ಷ ಮುತ್ತು ಕೊಳ್ಳಾಗ ಹಾಕ್ಕೊಂಡಾಕಿ ಜಗಳಾ ಆಡ್ಲಿಕ್ಕೆ ಎದ್ದು ನಿಂದ್ರಬೇಕಲ್ಲ? ಒಂದೊಂದು ಮುತ್ತು ಜೋಳದ ಕಾಳಿನಷ್ಟು ಅಂತ ಹಿಡೀರಿ, ನಾಕೈದು ಸೇರು ಭಾರ ಆಯ್ತು. ಈ ಲೆಕ್ಕಾ ಯಾರೋ ಗಂಡಸು ಬರದಾನ.” ಅಂದಾಜು ಸರಿಯಾಗೇ ಇತ್ತು, ಪರೀಕ್ಷೆಯಲ್ಲಿ ‘ಅಂದಾಜು ಉತ್ತರ’ ಅಂತ ಪ್ರತ್ಯೇಕ ಪ್ರಶ್ನೆಗಳೇ ಇರುತ್ತವೆ. ಆದರೆ ಅವಳು ಅಂದಾಜಿಗೆ ನಿಲ್ಲಲಿಲ್ಲ. ಜಗಳ ಯಾತಕ್ಕೆ ಬಂತು, ಹಾಸಿಗೆಯ ಮೇಲೆ ಬಿದ್ದದ್ದು ಯಾರು ಆರಿಸಿದರು, ಹಾರ ತವರಿನದೋ ಗಂಡ ಮಾಡಿಸಿದ್ದೋ ಎಂದು ವಿಚಾರಣೆ ಮುಂದುವರಿದು, ಒಲೆಯ ಮೇಲಿನ ರೊಟ್ಟಿ ಕಪ್ಪಾಯಿತು. ಮಹಾವೀರಾಚಾರ್ಯರ ಜಗಳ ಅಷ್ಟು ಶತಮಾನ ದಾಟಿ ಉಮರ್ಗಾದ ನಮ್ಮ ಪಡಸಾಲೆಗೆ ಬಂದು, ನಾನು ಅವಳಿಗೆ ಒಂದು ಮುತ್ತಾದರೂ ತಂದುಕೊಟ್ಟೆನೇ ಎಂಬಲ್ಲಿಗೆ ಮುಗಿಯಿತು.

ಅಂಕಿಗಳ ವಿಷಯದಲ್ಲಿ ನಮ್ಮ ಮನೆಗೆ ಇನ್ನೊಂದು ಪೀಡೆ ಇದೆ. ಮನೆಮಾತು ಕನ್ನಡ, ಮಗಳು ಕಲಿತದ್ದು ಮರಾಠಿ ಶಾಲೆ, ಪುಸ್ತಕದ ಅರ್ಧ ಇಂಗ್ಲಿಷು. ಕನ್ನಡದಲ್ಲಿ ಐವತ್ತು ಮೊದಲು, ಏಳು ಆಮೇಲೆ: ಐವತ್ತೇಳು. ಮರಾಠಿಯಲ್ಲಿ ಏಳು ಮೊದಲು: ಸತ್ತಾವನ್ನ. ಅದೂ ಸಾಲದೆಂದು ಐವತ್ತೊಂಬತ್ತಕ್ಕೆ ಎಕುಣಸಾಠ, ಅರವತ್ತಕ್ಕೆ ಒಂದು ಕಮ್ಮಿ. ಮಾವನವರು ಲೆಕ್ಕ ಹೇಳಿ ಬರೆಸುವಾಗ ‘ಎಕುಣಸಾಠ’ ಎಂದರೆ ನನ್ನ ಕೈ ತಾನಾಗಿ 61 ಬರೆಯುತ್ತದೆ. 2019ರಲ್ಲಿ ಮಹಾರಾಷ್ಟ್ರದ ಬಾಲಭಾರತಿಯವರು ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ ‘ವೀಸ ಏಕ’, ‘ವೀಸ ದೋನ’ ಎಂದು ಹತ್ತು ಮೊದಲು ಹೇಳುವ ಕ್ರಮ ತಂದಾಗ ರಾಜ್ಯದಲ್ಲಿ ದೊಡ್ಡ ಗದ್ದಲವೇ ಎದ್ದಿತ್ತು. ನಮ್ಮ ಮಾವನವರಿಗೆ ಮಾತ್ರ ಹಿಗ್ಗೋ ಹಿಗ್ಗು: “ಕಡೀಗೂ ಅವರು ನಮ್ಮ ದಾರಿಗಿ ಬಂದ್ರು!” ಬ್ಯಾಂಕುಗಳ ಕ್ಲಾರ್ಕ್ ಪರೀಕ್ಷೆಯನ್ನು 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂದು ಕೇಂದ್ರದ ಹಣಕಾಸು ಸಚಿವಾಲಯ 2021ರಲ್ಲಿ ಹೇಳಿತು, ಕನ್ನಡವೂ ಅದರಲ್ಲಿದೆ. ಆದರೆ ಭಾಷೆ ಸಿಗುವುದು ಅರ್ಜಿ ಹಾಕಿದ ರಾಜ್ಯದ ಪ್ರಕಾರ. ಮಹಾರಾಷ್ಟ್ರದಿಂದ ಹಾಕಿದರೆ ಮರಾಠಿ.

ಅಲ್ಲಿಂದ ಮಾವನವರು ನೇರ 1956ಕ್ಕೆ ಹೋಗುತ್ತಾರೆ. ಆ ವರ್ಷದ ನವೆಂಬರ್ 1ರ ತನಕ ನಿಲಂಗಾ, ಉದಗೀರ ಎರಡೂ ಬೀದರ ಜಿಲ್ಲೆಯ ತಾಲೂಕುಗಳು. “ಗೆರಿ ಸ್ವಲ್ಪ ಈ ಕಡಿ ಎಳದಿದ್ರ ಇವತ್ತು ನಮ್ಮ ಹುಡುಗಿಗಿ 371-ಜೆ ಮೀಸಲಾತಿ ಸಿಗ್ತಿತ್ತು. ಬೀದರದವರಿಗಿ ಅದ, ಕಲಬುರ್ಗಿಯವರಿಗಿ ಅದ, ನಮಗ್ಯಾಕಿಲ್ಲ?” ಮಗಳು ತಲೆ ಎತ್ತದೆ, “ಮುತ್ಯಾ, ಬ್ಯಾಂಕಿಗಿ 371-ಜೆ ನಡಿಯಂಗಿಲ್ಲ. ಅದು ಕರ್ನಾಟಕ ಸರ್ಕಾರದ ನೌಕರಿಗಿ” ಎಂದಳು. ರಾಜ್ಯ ಪುನರ್ವಿಂಗಡಣೆಯ ಗಾಯ ಒಂದು ವಾಕ್ಯದಲ್ಲಿ ಮಾಯುವಂಥದ್ದಲ್ಲ. ಅವರು ಅದನ್ನೂ ಬಿಡಲಿಲ್ಲ.

ನೀರಿನ ಟಾಕಿ ಮತ್ತು ರೈಲು, ಈ ಎರಡು ಅಧ್ಯಾಯಗಳಲ್ಲಿ ಉಮರ್ಗಾದವರಿಗೆ ಹುಟ್ಟಿನಿಂದಲೇ ಅನ್ಯಾಯ. ಒಂದು ನಳ 12 ನಿಮಿಷದಲ್ಲಿ ಟಾಕಿ ತುಂಬಿಸುತ್ತದೆ, ಇನ್ನೊಂದು 15 ನಿಮಿಷದಲ್ಲಿ. ಎರಡೂ ಬಿಟ್ಟರೆ? ಹೆಂಡತಿ ತಟ್ಟನೆ ಕೇಳಿದ್ದು, “ನಳ ಎಷ್ಟು ದಿನಕ್ಕೊಮ್ಮಿ ಬರ್ತದ ಅಂತ ಬರದಿಲ್ಲಲ್ಲ?” ಇನ್ನು ರೈಲು. ಉದಗೀರಕ್ಕೆ ರೈಲಿದೆ, ಪರಳಿಯಿಂದ ವಿಕಾರಾಬಾದಿನ ಹಳೆಯ ಮಾರ್ಗ ಅದು. ನಿಲಂಗಾ, ಉಮರ್ಗಾಗಳಿಗೆ ಇಲ್ಲ. ನಮ್ಮೂರಲ್ಲಿ ಹುಟ್ಟಿದ ಮಗುವಿಗೆ ರೈಲು ಮೊದಲು ಕಾಣುವುದು ಗಣಿತ ಪುಸ್ತಕದಲ್ಲಿ, ಅದೂ ಕಂಬ ದಾಟುವಾಗ. ಇವೆರಡೂ ಅಧ್ಯಾಯ ಕೂಡಿದ ಲೆಕ್ಕವನ್ನು ಮಾತ್ರ ನಾವು ಕಣ್ಣಾರೆ ಕಂಡಿದ್ದೇವೆ. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ಬಂತು. ಮೊದಲು ಹತ್ತು ವ್ಯಾಗನ್ನು, ಸುಮಾರು ಐದು ಲಕ್ಷ ಲೀಟರು. ಮುಂದೆ ಐವತ್ತು ವ್ಯಾಗನ್ನಿನ ಗಾಡಿ. ದೂರ ಸುಮಾರು 340 ಕಿಲೋಮೀಟರು. ಲೆಕ್ಕದ ಪುಸ್ತಕ ಬರೆಯುವವರು ಹೊಳೆಯ ಮೇಲಿನ ದೋಣಿ ಬಿಟ್ಟು ಇದನ್ನು ಕೇಳಿದರೆ ನಮ್ಮ ಕಡೆಯ ಮಕ್ಕಳು ಕಣ್ಣು ಮುಚ್ಚಿ ಹೇಳುತ್ತಿದ್ದರು.

ಇನ್ನು ಉದಗೀರದವನು. ಹೆಂಡತಿಯ ತಮ್ಮ, ಜಾನುವಾರು ಸಂತೆಯ ದಲಾಲಿ. ಆ ಸೀಮೆ ದೇವಣಿ ಎತ್ತುಗಳಿಗೆ ಹೆಸರುವಾಸಿ. ಸಂತೆಯಲ್ಲಿ ಎತ್ತಿನ ದರ ಬಾಯಲ್ಲಿ ಆಡುವುದಿಲ್ಲ. ಟವೆಲಿನ ಕೆಳಗೆ ಇಬ್ಬರು ಕೈ ಹಿಡಿದು ಬೆರಳು ಒತ್ತಿ ಮುಗಿಸುತ್ತಾರೆ. ಅವನು ಹಬ್ಬಕ್ಕೆ ಬಂದವನು ನಮ್ಮ ಲ್ಯಾಪ್‌ಟಾಪ್ ಎದುರು ಕೂತ. ಟವೆಲು ಹೆಗಲಿನಿಂದ ಇಳಿಸಿ ಮೌಸಿನ ಮೇಲೆ ಹೊದಿಸಿ, ಅದರ ಕೆಳಗೆ ಕೈ ಹಾಕಿದ. “ರೂಢಿ” ಎಂದ.

ಆ ಸಂಜೆ ಎಲ್ಲರೂ ಒಂದೇ ಅಣಕು ಪರೀಕ್ಷೆ ಒಬ್ಬರಾದ ಮೇಲೆ ಒಬ್ಬರು ಬರೆಯಬೇಕು ಎಂದು ನಿಶ್ಚಯವಾಯಿತು. ನಿಶ್ಚಯ ಮಾಡಿದವನು ನಾನೇ. ಹುಡುಗಿಗೆ ಹುರುಪು ಬರಲಿ ಅಂತ.

ದಲಾಲಿ ಪ್ರಶ್ನೆಗಳನ್ನು ಓದುವ ಗೋಜಿಗೆ ಹೋಗಲಿಲ್ಲ. ಐದೂ ಉತ್ತರ ಮೇಲಿಂದ ಕೆಳಗೆ ಒಮ್ಮೆ ನೋಡಿದ. “ಭಾವ, ಮೊದಲನೇದು ಮಾರಾಂವ ಹೇಳೋ ರೇಟು, ಕಡೀದು ಗಿರಾಕಿ ಕೇಳೋ ರೇಟು. ಸೌದಾ ಎಲ್ಲಿ ಆಗ್ತದ? ನಡಬರಕ.” ಹೀಗೆಂದು 35ಕ್ಕೂ ಮೂರನೆಯ ಉತ್ತರವನ್ನೇ ಒತ್ತಿ, ಸಮಯ ಉಳಿಸಿ, ಚಹಾ ಕೇಳಿದ. ಏಳು ಸರಿ, 28 ತಪ್ಪು. ಸರಿಗೆ ಏಳು, ತಪ್ಪಿಗೆ 28ರ ಕಾಲು ಭಾಗ ಏಳು. ಉಳಿದದ್ದು ಸೊನ್ನೆ, ಒಂದು ಕೂದಲೆಳೆ ಆಚೆ ಈಚೆ ಇಲ್ಲ. ಐದು ಆಯ್ಕೆಗೆ ಕಾಲು ಅಂಕ ಕಡಿತ ಇಟ್ಟವರು ಇದನ್ನೇ ಲೆಕ್ಕ ಹಾಕಿ ಇಟ್ಟಂತಿದೆ: ಕುರುಡು ಬಾಣ ಹೊಡೆಯುವವನಿಗೆ ಸರಾಸರಿ ಏನೂ ದಕ್ಕಬಾರದು. ಅವನು ಹಾಗೆ ತಿಳಿಯಲಿಲ್ಲ. “ಘಾಟಾ ಆಗಿಲ್ಲಲ್ಲ! ಸಂತ್ಯಾಗ ಇಂಥ ದಿನಾ ಎಷ್ಟೋ ಇರ್ತಾವ” ಎಂದು ಟವೆಲು ಝಾಡಿಸಿ ಎದ್ದ.

ಮಾವನವರು ಐದು ಲೆಕ್ಕ ಮಾಡಿದರು. ಐದೂ ಸರಿ. ಪ್ರತಿಯೊಂದಕ್ಕೂ ಪಾಟಿಯ ಮೇಲೆ ಕ್ರಮ, ತಾಳೆ, ಅಡಿಗೆರೆ. ಆರನೆಯದರ ಮೂರನೇ ಮೆಟ್ಟಿಲಲ್ಲಿದ್ದಾಗ ಪರದೆ ತಾನೇ ಬದಲಾಗಿ ಮುಂದಿನ ಭಾಗ ಬಂತು. ಅವರು ಮಗಳ ಕಡೆ ತಿರುಗಿ, “ಯಾರವ್ವಾ ಅದು, ಕರಿಹಲಗಿ ಒರಸಿದವರು?” ಎಂದರು.

ನನ್ನ ಕಥೆ ಹಾಲಿನದು. ಎರಡನೆಯ ಪ್ರಶ್ನೆ: 60 ಲೀಟರ್ ಮಿಶ್ರಣದಲ್ಲಿ ಹಾಲು-ನೀರಿನ ಪ್ರಮಾಣ 2:1. ಅದನ್ನು 1:2 ಮಾಡಲು ಇನ್ನೆಷ್ಟು ನೀರು ಹಾಕಬೇಕು? ಹಾಲು 40, ನೀರು 20. ನೀರು 80 ಆಗಬೇಕು. ಅಂದರೆ ಇನ್ನೂ 60. ಉತ್ತರ ನನಗೆ ಕೂಡಲೇ ಹೊಳೆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಕೈ ಒಪ್ಪಲಿಲ್ಲ. 60 ಲೀಟರಿಗೆ 60 ಲೀಟರ್ ನೀರು! ಯಾವ ಪಾತ್ರೆ? ಕ್ಯಾನು ಎಷ್ಟು ಲೀಟರಿನದು? ನಮ್ಮ ಕಡೆ ಹಾಲಿನವನು ನೀರು ಹಾಕುವುದಕ್ಕೂ ಒಂದು ಮರ್ಯಾದೆ ಇದೆ; ಇಷ್ಟು ಹಾಕಿದರೆ ಚಹಾ ಕೆಂಪಗಾಗುವುದಿಲ್ಲ, ನೀಲಿ ಆಗುತ್ತದೆ. ಪ್ರಶ್ನೆಯಲ್ಲೇ ಏನೋ ಮೋಸ ಇದೆ ಎಂದು ನೇರಳೆ ಮಾಡಿಟ್ಟೆ. ಮುಂದಿನದಕ್ಕೆ ಹೋದೆ, ಮನಸ್ಸು ಇಲ್ಲೇ. ಮತ್ತೆ ಬಂದೆ. ಮತ್ತೆ ಹೋದೆ. 35 ಚೌಕಗಳ ನಡುವೆ ಆ ಒಂದು ನೇರಳೆ ನನ್ನ ವಹಿಯ 212 ರೂಪಾಯಿಯ ಗೆಳೆಯನ ಮುಖದಲ್ಲಿ ನನ್ನನ್ನೇ ನೋಡುತ್ತಿತ್ತು. ಕಡೆಗೆ, ‘ಇವುಗಳಲ್ಲಿ ಯಾವುದೂ ಅಲ್ಲ’ ಒತ್ತಿ ನ್ಯಾಯ ಸಲ್ಲಿಸಿದೆ. ಮುಟ್ಟಿದ್ದು ನಾಲ್ಕು, ಸರಿ ಮೂರು, ತಪ್ಪು ಒಂದು. ಎರಡು ಮುಕ್ಕಾಲು ಅಂಕ. ದಲಾಲಿಗಿಂತ ಎರಡು ಮುಕ್ಕಾಲು ಹೆಚ್ಚು ಎಂಬುದನ್ನು ಎಲ್ಲರೂ ಗಮನಿಸಲಿ ಅಂತ ಎರಡು ಸಲ ಜೋರಾಗಿ ಓದಿದೆ.

ಹೆಂಡತಿ ಕೂಡಲಿಲ್ಲ. ಅವಳಿಗೆ ಬೇರೆ ಲೆಕ್ಕ ತಲೆಯಲ್ಲಿತ್ತು. ಅವಳ ಅಕ್ಕ ಬಸವಕಲ್ಯಾಣದವಳು. 2023ರ ಮಾರ್ಚಿನಿಂದ ಎಸ್‌ಟಿ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೇಟು. ಅದೇ ವರ್ಷದ ಜೂನ್ 11ರಿಂದ ಕರ್ನಾಟಕದಲ್ಲಿ ‘ಶಕ್ತಿ’ ಬಂದು ಅಲ್ಲಿನ ಹೆಂಗಸರಿಗೆ ಪುಕ್ಕಟೆ. ಆದರೆ ಆ ಪುಕ್ಕಟೆ ಕರ್ನಾಟಕದ ವಿಳಾಸ ಇದ್ದವರಿಗೆ ಮಾತ್ರ, ಈ ಅರ್ಧ ಮಹಾರಾಷ್ಟ್ರದ ಗಡಿಯ ತನಕ ಮಾತ್ರ. “ಗಡಿ ತನಕ ಅರ್ಧಾ ಕೊಡ್ತೀನಿ, ಗಡಿ ದಾಟಿದ್ರ ಪೂರಾ ಕೊಡ್ಬೇಕು. ಅದೇ ಸೀಟು, ಅದೇ ಹೆಂಗ್ಸು! ನಮ್ಮಕ್ಕ ಪುಕ್ಕಟ ತಿರಗ್ತಾಳ. ಒಂದು ತಾಯಿ ಹೊಟ್ಟ್ಯಾಗ ಹುಟ್ಟಿದವರು ನಾವು.” ಈ ತಖ್ತೆಯನ್ನು ಅವಳು ಪ್ರತಿ ಕಂಡಕ್ಟರನ ಎದುರೂ ಮಂಡಿಸುತ್ತಾಳೆ, ಬಸ್ಸು ಊರು ಮುಟ್ಟುವ ತನಕ.

ಕಡೆಗೆ ಮಗಳು ಬರೆದಳು. ಮುಟ್ಟಿದ್ದು 26, ಸರಿ 24, ತಪ್ಪು ಎರಡು. ಇಪ್ಪತ್ಮೂರೂವರೆ. ನಾವು ಮೂವರೂ ಆ ಇಪ್ಪತ್ಮೂರೂವರೆ ನೋಡಲಿಲ್ಲ, ಉಳಿದ ಒಂಬತ್ತು ನೋಡಿದೆವು. “ಒಂಬತ್ತು ಲೆಕ್ಕ ಬಿಟ್ಟು ಬಂದೀದೇನು?” ಎಂದು ಮಾವನವರು, ಜಾತ್ರೆಯಲ್ಲಿ ಒಂಬತ್ತು ಕೂಸು ಬಿಟ್ಟು ಬಂದವಳನ್ನು ಕೇಳುವ ಧಾಟಿಯಲ್ಲಿ ಕೇಳಿದರು. “ಹೌದು ಮುತ್ಯಾ” ಎಂದು ಅವಳು ಕೂದಲು ಬಾಚಿಕೊಳ್ಳಲು ಹೋದಳು. ಹಾಗೆ ಹೋಗುವುದನ್ನು ಆ ಹುಡುಗಿ ಯಾರಿಂದ ಕಲಿತಳೋ, ನಮ್ಮ ಎರಡೂ ಮನೆತನಗಳಲ್ಲಿ ಹುಡುಕಿದರೂ ಸಿಗಲಿಲ್ಲ. ಆ ಒಂಬತ್ತನ್ನು ನಾವು ಮೂವರು ಹಂಚಿಕೊಂಡೆವು, ತಲಾ ಮೂರು. ದಲಾಲಿ ತನ್ನ ಪಾಲನ್ನು ಎರಡಕ್ಕೆ ಚೌಕಾಶಿ ಮಾಡಿದ.

ಮಗಳು ಇದಕ್ಕೂ ಮೊದಲು ತಲಾಠಿ ಪರೀಕ್ಷೆ ಬರೆದಿದ್ದಳು. 2023ರಲ್ಲಿ 4,644 ಹುದ್ದೆಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಅರ್ಜಿ ಹಾಕಿದ್ದ ಪರೀಕ್ಷೆ ಅದು. ಹಲವು ಪಾಳಿಯಲ್ಲಿ ನಡೆದದ್ದರಿಂದ ಸುಲಭ ಪಾಳಿ, ಕಠಿಣ ಪಾಳಿ ಸರಿದೂಗಿಸುವ ಸೂತ್ರ ಹಾಕಿದರು. ಫಲಿತಾಂಶ ಬಂದಾಗ 200 ಅಂಕದ ಪರೀಕ್ಷೆಯಲ್ಲಿ 214 ತೆಗೆದವರಿದ್ದರು. ಪೇಪರಿನಲ್ಲಿ ಬಂದ ಆ ಸುದ್ದಿಯನ್ನು ಮಾವನವರು ಕತ್ತರಿಸಿ ಇಟ್ಟುಕೊಂಡಿದ್ದಾರೆ. ಊರೆಲ್ಲ ಸಿಟ್ಟಾಗಿದ್ದರೆ ಇವರಿಗೆ ಮಾತ್ರ ಗೌರವ. “ಆ 14 ಮೆಟ್ಟಲಾ ಬರದಿದ್ದಕ್ಕ ಕೊಟ್ಟಿರ್ಬೇಕು. ನಾನೂ ಕೊಡ್ತಿದ್ದೆ.”

ಪರೀಕ್ಷೆಯ ದಿನ ಲಾತೂರಿಗೆ ಐವರೂ ಹೋದೆವು. ಎರಡು ಪೂರ್ತಿ, ಎರಡು ಅರ್ಧ, ಒಂದು ಪುಕ್ಕಟೆ ಟಿಕೇಟು. ಕಂಡಕ್ಟರ್ ಒಟ್ಟು ಹೇಳುವ ಮೊದಲೇ ನಾನು ಹೇಳಿದೆ. ಮಗಳು ಒಳಗೆ ಹೋಗಿ ಒಂದು ತಾಸಿಗೆ ಹೊರಬಂದಳು. ಹೆಂಗಾಯ್ತು ಅಂದರೆ “ಆಯ್ತು” ಎಂದಳು. ಎಷ್ಟು ಬಿಟ್ಟಿ ಅಂದರೆ “ಏಳೆಂಟು” ಎಂದಳು. ಬಸ್ ಸ್ಟ್ಯಾಂಡಿನಲ್ಲಿ ಮಾವನವರು ತಡೆಯಲಾರದೆ, ಬಿಟ್ಟದ್ದರಲ್ಲಿ ಒಂದಾದರೂ ಹೇಳು ಎಂದು ಗೋಗರೆದರು. ಅವಳು ನೀರಿನ ಬಾಟಲಿ ತೆರೆಯುತ್ತ, ಎಂಥದೋ 150 ಇತ್ತು, ತಾಸಿಗೆ 54 ಇತ್ತು, ಆ ಕಡೆಯಿಂದ ಈ ಕಡೆ ಬರುವುದಕ್ಕೆ ಎಷ್ಟೋ ಹೊತ್ತು ಎಂದಳು. ಇಷ್ಟು ಸಾಕಾಯಿತು. ಮಾವನವರು ಪಾಟಿ ತೆಗೆದರು. ನಾನು ಬೆನ್ನ ಹಿಂದೆ ನಿಂತು ರೈಲಿನ ಉದ್ದ 150 ಮೀಟರ್ ಎಂದು ಹಿಡಿದೆ. ತಾಸಿಗೆ 54 ಕಿಲೋಮೀಟರ್ ಅಂದರೆ ಸೆಕೆಂಡಿಗೆ 15 ಮೀಟರು. ದಲಾಲಿ ಪ್ಲಾಟ್‌ಫಾರ್ಮಿನ ಉದ್ದ 200 ಮೀಟರಿಗೆ ಶುರು ಮಾಡಿ 250ಕ್ಕೆ ಒಪ್ಪಿಸಿದ. ಹೆಂಡತಿ, ರೈಲು ಪ್ಲಾಟ್‌ಫಾರ್ಮಿನಲ್ಲಿ ನಿಲ್ಲದೆ ಹಾಗೇ ಹೋದರೆ ಜನ ಹೆಂಗ ಹತ್ತಬೇಕು ಎಂದು ನಡುವೆ ಬಾಯಿ ಹಾಕಿದಳು. 400 ಭಾಗಿಸು 15, 26 ಮತ್ತೆ ಮೂರರಲ್ಲಿ ಎರಡು. ಮಾವನವರು ತಾಳೆ ನೋಡತೊಡಗಿದರು.

ಫೋನು ಬಂತು. ಮಗಳು.

“ಅಪ್ಪಾ, ನಾ ಔಸಾ ದಾಟೀನಿ. ನೀವು ಯಾವ ಸೀಟ್‌ನಾಗ ಕೂತೀರಿ? ಹಿಂದ ಇಲ್ಲಲ್ಲ?”

ನಾನು ಬಾಯಿ ತೆರೆಯುವುದರೊಳಗೆ ಮಾವನವರು ಫೋನು ಕಸಿದುಕೊಂಡರು. “ಯವ್ವಾ, ಉತ್ತರ ಇಪ್ಪತ್ತಾರು ಪೂರ್ಣಾಂಕ ಮೂರರಾಗ ಎರಡು. ಆಯ್ಕೆದಾಗ ಇತ್ತೇನು?”

“ಯಾವುದಕ್ಕ ಮುತ್ಯಾ?”

“ಆ ರೈಲಿಂದು!”

“ರೈಲ್ ಎಲ್ಲಿಂದ ಬಂತು? ಅದು ದೋಣಿ ಲೆಕ್ಕ” ಎಂದು ಅವಳು ಇಟ್ಟಳು.

ಉಮರ್ಗಾದ ಮುಂದಿನ ಬಸ್ಸು ಆಗಲೇ ಫಲಾಟಿಗೆ ಬಂದು ಬಾಗಿಲು ತೆರೆದಿತ್ತು. ಮಾವನವರು ಅಂಗೈಯಿಂದ ಪಾಟಿ ಒರೆಸಿ, “ಹಂಗಾದ್ರ ಪ್ರವಾಹದ ವೇಗ ಎಷ್ಟಂತ ಹಿಡಿಯೋಣು?” ಎಂದರು. ದಲಾಲಿ ಟವೆಲು ಹಾಸಿದ.

“ಮಾಂಜರಾದಾಗ ನೀರೇ ಇಲ್ಲ, ದೋಣಿ ಎಲ್ಲಿ ತೇಲ್ತದ್ರಿ?” ಎಂದಳು ಹೆಂಡತಿ, ಚೀಲ ಕೆಳಗಿಟ್ಟು ಕೂಡುತ್ತ. “ಮೊದಲು ಅದನ್ನ ಬಗಿಹರಿಸ್ರಿ.”